ಖಂಡೇಪೂಜೆಯ ದಿನ ಅಳಿಸಿಹೋದ ದಡಿಗಳು

ಶಕುಂತಲಾ, ಆ ಕಂಪ್ಯೂಟರಿನೊಳಗೆ ನೀರು ಹೋಗಿರಲಿಲ್ಲ. ನೀನು ಒದ್ದೆ ಬಟ್ಟೆಯಿಂದ ಒರೆಸಿದ್ದಕ್ಕೆ ಅದು ಕೆಡಲಿಲ್ಲ. ನೀನು ಕೂಡಿಟ್ಟ ಸೀರೆಯಂಚಿನ ದಡಿಗಳ ಚಿತ್ರಗಳನ್ನೆಲ್ಲ ಅಳಿಸಿದವನು ನಾನು — ಗೊತ್ತಿದ್ದೂ ಆ ತಪ್ಪನ್ನು ನಿನ್ನ ತಲೆಗೆ ಕಟ್ಟಿದವನೂ ನಾನೇ.

ಸೈನ್ಯದ ಸಂಪರ್ಕ ದಳದಿಂದ ನಿವೃತ್ತನಾಗಿ ಬಂದ ಮೇಲೆ ಬೆಟಗೇರಿಯ ನೇಕಾರರ ಸಂಘದವರು ಕಂಪ್ಯೂಟರಿನ ಉಸ್ತುವಾರಿಯನ್ನು ನನಗೆ ಒಪ್ಪಿಸಿದ್ದರು. ಲಿನಕ್ಸ್ ಬಲ್ಲವನು ಅಲ್ಲಿ ನಾನೊಬ್ಬನೇ ಎಂಬ ಹೆಮ್ಮೆಯಿತ್ತು. ಬಾಗಿಲು ತೆಗೆಯುವುದಕ್ಕೆ, ಕಸ ಗುಡಿಸುವುದಕ್ಕೆ, ಶನಿವಾರದ ಬ್ಯಾಕಪ್ಪಿಗೆ — ಎಲ್ಲಕ್ಕೂ ಒಂದು ನಿಯಮ. “ನಮ್ಮ ಸರ್ ಕೆಮ್ಮೂದೂ ಗಡಿಯಾರ ನೋಡಿಕೊಂಡ” ಎಂದು ನೀನು ಹೆಂಗಸರ ಮುಂದೆ ನಗುತ್ತಿದ್ದದ್ದು ನನ್ನ ಕಿವಿಗೂ ಬಿದ್ದಿತ್ತು. ಸಿಟ್ಟು ಬರಲಿಲ್ಲ, ಹಿಗ್ಗೇ ಆಯಿತು.

ಹಳೆಯ ಸೀರೆಗಳ ದಡಿಯನ್ನು ಭೂತಗನ್ನಡಿ ಹಿಡಿದು ಎಳೆ ಎಳೆಯಾಗಿ ಎಣಿಸಿ, ಕಂಪ್ಯೂಟರಿನಲ್ಲಿ ಚಿತ್ರ ಮಾಡುವುದು ನಿನ್ನ ಕೆಲಸ. ಹಾಸಿಗೆ ಹಿಡಿದಿದ್ದ ನೀಲವ್ವಜ್ಜಿ ತನ್ನ ಮದುವೆಯ ಸೀರೆಯನ್ನು ಯಾರ ಕೈಗೂ ಕೊಟ್ಟವಳಲ್ಲ. ಅವಳ ಹಾಸಿಗೆಯ ಪಕ್ಕದಲ್ಲೇ ಕುಳಿತು ನೀನು ಎಣಿಸಿಕೊಂಡು ಬಂದೆ. “ಸೀರಿ ನನ್ನ ಕೂಡ ಬರ್ತೈತಿ, ದಡಿ ನಿನ್ನ ಹಂತ್ಯಾಕ ಇರ್ಲಿ ಮಗಳ” ಅಂದಿದ್ದಳಂತೆ. ಆ ಮಳೆಗಾಲದಲ್ಲಿ ಅವಳು ತೀರಿಕೊಂಡಾಗ ಅದೇ ಸೀರೆ ಉಡಿಸಿ ಮಣ್ಣು ಮಾಡಿದರು. ಆ ದಡಿ ಉಳಿದದ್ದು ನಿನ್ನ ಚಿತ್ರದಲ್ಲಿ ಮಾತ್ರ.

ದಸರೆಯ ಹೊತ್ತಿಗೆ ಡಿಸ್ಕಿನಲ್ಲಿ ಚಿತ್ರಗಳಿದ್ದ ಭಾಗ ತುಂಬಿಹೋಗಿತ್ತು. ಅದರ ಮಗ್ಗುಲಲ್ಲಿ ಖಾಲಿ ಜಾಗವಿತ್ತು. ಆ ಜಾಗವನ್ನೂ ಸೇರಿಸಿಕೊಳ್ಳಲು ಚಿತ್ರಗಳ ಭಾಗದ ಹಳೆಯ ಗಡಿಯನ್ನು ತೆಗೆದು, ಆರಂಭ ಇದ್ದಲ್ಲೇ ಇರುವಂತೆ ನೋಡಿಕೊಂಡು, ಕೊನೆಯನ್ನಷ್ಟೇ ಮುಂದೆ ಸರಿಸಬೇಕು. ಆಮೇಲೆ ಯಾವ ಚಿತ್ರ ಎಲ್ಲಿದೆ ಎಂದು ಲೆಕ್ಕವಿಡುವ ಒಳಗಿನ ಫೈಲ್ ಸಿಸ್ಟಮನ್ನು ಆ ಗಡಿಯವರೆಗೆ ಹಿಗ್ಗಿಸಬೇಕು. ಯಾರೂ ಕೆಲಸ ಮಾಡದ ದಿನವೇ ಇದಕ್ಕೆ ಸುರಕ್ಷಿತ. ಅದಕ್ಕೂ ಮೊದಲು ಬ್ಯಾಕಪ್ ಡಿಸ್ಕನ್ನು ಜೋಡಿಸಿ, ನಕಲುಗಳು ತೆರೆಯುತ್ತವೆಯೇ ಎಂದು ಕಣ್ಣಾರೆ ನೋಡಬೇಕು. ಈ ನಿಯಮವನ್ನು ನಿನಗೆ ಕಲಿಸಿದವನೇ ನಾನು.

ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಸಂಘಕ್ಕೆ ರಜೆ. ನೀನು ಬೆಳಿಗ್ಗೆ ಬಂದು ಕಂಪ್ಯೂಟರನ್ನು ಒರೆಸಿ, ವಿಭೂತಿ ಹಚ್ಚಿ, ಲಾಳಿ, ಕತ್ತರಿ, ತಕ್ಕಡಿಗಳ ಸಾಲಿನಲ್ಲಿ ಬ್ಯಾಕಪ್ ಡಿಸ್ಕನ್ನೂ ಇಟ್ಟು ಚೆಂಡುಹೂ ಏರಿಸಿ ಹೋದೆ. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಎತ್ತಬಾರದು. ನಾನು ಎತ್ತಲಿಲ್ಲ. ಆದರೆ ಕಂಪ್ಯೂಟರು ಮೊದಲೇ ನಡೆಯುತ್ತಿತ್ತಲ್ಲ, ಅದನ್ನು ‘ಎತ್ತಿದ’ ಹಾಗಾಗುವುದಿಲ್ಲ ಎಂದುಕೊಂಡು ಕೆಲಸಕ್ಕೆ ಕುಳಿತೆ. ಒಂದು ನಿಯಮವನ್ನು ಅರ್ಧ ಪಾಲಿಸಲು ಹೋಗಿ ಇನ್ನೊಂದನ್ನು ಪೂರ್ತಿ ಮುರಿದೆ.

ಗಡಿ ತೆಗೆದೆ. ಹೊಸ ಗಡಿಯ ಆರಂಭ ಎಲ್ಲಿ ಎಂದು ಯಂತ್ರ ಕೇಳಿತು. ತಾನೇ ಒಂದು ಅಂಕಿಯನ್ನೂ ಸೂಚಿಸಿತು. ನಾನು ಹಳೆಯ ಆರಂಭದೊಡನೆ ಹೋಲಿಸಿ ನೋಡದೆ ಒಪ್ಪಿಬಿಟ್ಟೆ. ಎರಡೂ ಬೇರೆಯಾಗಿದ್ದವು. ಇಲ್ಲಿ ಫೈಲ್ ಸಿಸ್ಟಮ್ಮೇ ಇಲ್ಲ ಎಂದಿತು ಯಂತ್ರ. ಆಗಲಾದರೂ ಕೈ ಕಟ್ಟಿ ಕುಳಿತು, ಹಳೆಯ ಆರಂಭವನ್ನೇ ಮತ್ತೆ ಬರೆದಿದ್ದರೆ — ಒಂದು ದಡಿಯೂ ಹೋಗುತ್ತಿರಲಿಲ್ಲ. ನಾನು ಹೆದರಿದೆ. ಬ್ಯಾಕಪ್ ಇದೆಯಲ್ಲ, ನಾಳೆ ಹೂ ತೆಗೆದು ತುಂಬಿಕೊಂಡರಾಯಿತು ಎಂದು ಅದರ ಮೇಲೆಯೇ ಹೊಸ ಫೈಲ್ ಸಿಸ್ಟಮ್ ಮಾಡಿದೆ. ಅಲ್ಲಿಗೆ ಹಳೆಯದೆಲ್ಲ ಅಳಿಸಿಹೋಯಿತು.

ಮರುದಿನ ಹೂ ತೆಗೆದು ನೋಡಿದರೆ ಬ್ಯಾಕಪ್ ಡಿಸ್ಕೂ ಎಂದೋ ತುಂಬಿಹೋಗಿತ್ತು. ಎಷ್ಟೋ ಶನಿವಾರಗಳಿಂದ ಹೊಸ ನಕಲು ಒಂದೂ ಇಳಿದಿರಲಿಲ್ಲ. ಪ್ರತಿ ಶನಿವಾರ ತಪ್ಪದೆ ಕೀಲಿ ಒತ್ತುತ್ತಿದ್ದ ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಆ ವರ್ಷದ ನಿನ್ನ ದಡಿಗಳು ಅದರಲ್ಲಿರಲಿಲ್ಲ. ನೀಲವ್ವಜ್ಜಿಯದೂ ಇರಲಿಲ್ಲ.

ಅಧ್ಯಕ್ಷರು ಕೇಳಿದಾಗ ನಿನ್ನೆದುರಿಗೇ ಹೇಳಿದೆ: “ಪೂಜೆಗೆ ಒರೆಸುವಾಗ ಒಳಗೆ ನೀರು ಇಳಿದಿರಬೇಕು.” ಅಷ್ಟೇ. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವೇ ಬೀಳಲಿಲ್ಲ. ನನ್ನ ಶಿಸ್ತೇ ನನ್ನ ಪರ ಸಾಕ್ಷಿ ನುಡಿಯಿತು. ನೀನು ವಾದಿಸುತ್ತೀ ಎಂದುಕೊಂಡಿದ್ದೆ. ನೀನು ನಿನ್ನ ಅಂಗೈ ನೋಡಿಕೊಂಡೆ. “ಬಟ್ಟಿ ಗಟ್ಟ್ಯಾಗಿ ಹಿಂಡಿದ್ದೆನ್ರಿ ಸರ್... ಆದ್ರ ನೀವ ಅಂತೀರಿ ಅಂದ್ರ ಖರೇನ ಇರಬೇಕು.” ನಾನು ಅಲ್ಲ ಅನ್ನಲಿಲ್ಲ. ಸಂಘದವರು ನಿನ್ನನ್ನು ಕೆಲಸದಿಂದ ಬಿಡಿಸಿದರು. ನೀಲವ್ವಜ್ಜಿಯ ಮಗನ ಕಾಲು ಹಿಡಿಯಲು ನೀನು ಹೋಗಿದ್ದೆ ಎಂದು ಆಮೇಲೆ ಕೇಳಿದೆ — ಕೇಳಿಯೂ ಉಂಡೆ, ಹೊತ್ತಿಗೆ ಸರಿಯಾಗಿ ಮಲಗಿದೆ.

ಇಷ್ಟೇ ಆಗಿದ್ದರೆ ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ. ಹೋದ ವಾರ ಲಕ್ಷ್ಮೇಶ್ವರದಲ್ಲಿ, ನೀನು ಈಗ ಗುಂಡಿ ಹಚ್ಚುವ ಬಟ್ಟೆ ಅಂಗಡಿಗೆ ನಾನು ಗೊತ್ತಿಲ್ಲದೆ ಬಂದೆ. ಮಾಲಕ ಊಟಕ್ಕೆ ಏಳುತ್ತಾ ನಿನಗೆ ಕಂಪ್ಯೂಟರಿನಲ್ಲಿ ಬಿಲ್ಲು ತೆಗೆಯಲು ಹೇಳಿದ. ನೀನು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ.

“ನಾ ಅದನ್ನ ಮುಟ್ಟಂಗಿಲ್ರಿ. ನನ್ನ ಕೈಗುಣ ಚಲೋ ಇಲ್ಲ.”

“ಏನವಾ, ನೀ ಮುಟ್ಟಿದ್ರ ಅದೇನ್ ಹಾಲು ಒಡದಂಗ ಒಡೀತೈತಿ?” ಎಂದು ಅವನು ನಕ್ಕ.

ಆಗ ನೀನು ನನ್ನನ್ನು ಕಂಡೆ. ನಿನ್ನ ಮುಖದಲ್ಲಿ ದ್ವೇಷವಿರಲಿಲ್ಲ — ಮರ್ಯಾದೆಯಿತ್ತು. “ಬೇಕಾದ್ರ ನಮ್ಮ ಸರ್‌ನ ಕೇಳ್ರಿ” ಅಂದೆ. ಮಾಲಕ ನನ್ನ ಕಡೆ ತಿರುಗಿದ. ನಾನು ಹೌದೆಂದು ತಲೆ ಆಡಿಸಿದೆ.

ಮೊದಲ ಸಲ ಹೆದರಿಕೆಯಿತ್ತು ಅನ್ನಬಹುದು. ಈ ಸಲ ಹೆದರಲು ಏನಿತ್ತು?

ಸೋಮವಾರ ಸಂಘದ ಸಭೆಯಲ್ಲಿ ಈ ಕಾಗದವನ್ನು ನಿಂತು ಓದುತ್ತೇನೆ. ಅಲ್ಲಿಂದ ನೀಲವ್ವಜ್ಜಿಯ ಮಗನ ಮನೆಗೆ ಹೋಗುತ್ತೇನೆ. ಆಮೇಲೆ ಲಕ್ಷ್ಮೇಶ್ವರಕ್ಕೆ ಬಂದು, ಆ ಮಾಲಕನ ಎದುರಿಗೇ ನಿನಗೆ ಹೇಳುತ್ತೇನೆ. ನೀನು ನನ್ನನ್ನು ಒಳಗೆ ಕರೆಯಬೇಕಾಗಿಲ್ಲ. ಅಜ್ಜಿಯ ದಡಿ ಮಣ್ಣಿನಲ್ಲಿದೆ. ಅದನ್ನು ನಾನು ತರಲಾರೆ.