ಇಲಿಗೆ ಐಸು ಬಿಡಿಸುವ ಹದ

ಹೋಳಿಗೆಯಲ್ಲಿ ನನ್ನನ್ನು ಮೀರಿಸುವವರು ತುಮಕೂರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ, ಒಪ್ಪಿಕೊಳ್ಳುತ್ತೇನೆ. ಹುಳಿಸಾರಿನ ವಿಷಯದಲ್ಲಂತೂ ನಮ್ಮ ಓರಗಿತ್ತಿಯ ಮುಂದೆ ನಾನು ಬಾಯಿಯೇ ತೆರೆಯುವುದಿಲ್ಲ. ಆದರೆ ಫ್ರಿಜ್ಜಿನಲ್ಲಿ ಕಲ್ಲಾಗಿ ಕೂತ ಇಲಿಗೆ ಹದವಾಗಿ ಐಸು ಬಿಡಿಸಿ ಹಾವಿಗೆ ಬಡಿಸುವುದರಲ್ಲಿ, ಗುಬ್ಬಿಯಿಂದ ಕುಣಿಗಲ್ಲಿನವರೆಗೆ ಹುಡುಕಿದರೂ ನನ್ನ ಸಮಕ್ಕೆ ಒಬ್ಬರೂ ಸಿಗಲಾರರು. ಇದಕ್ಕೆ ಸ್ಪರ್ಧೆಯೇ ಇರಲಿಲ್ಲವಲ್ಲ ತಾಯಿ ಎನ್ನುತ್ತೀರೇನೋ. ಇರಲಿಲ್ಲ, ನಿಜ. ಹಾಗಂತ ಬಂದ ಪಟ್ಟವನ್ನು ಬಿಟ್ಟುಕೊಡುವವಳು ನಾನಲ್ಲ.

ಎಂಬತ್ತರ ದಶಕದ ಆರಂಭದ ಮಾತು. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗೃಹವಿಜ್ಞಾನ ಹೇಳಿಕೊಡುತ್ತಿದ್ದೆ. ನಮ್ಮ ಮನೆಯವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲೆಕ್ಚರರು. ನಮ್ಮ ಬೀದಿಗೆ ಮೊದಲು ಬಂದ ಫ್ರಿಜ್ಜು ನಮ್ಮದೇ. ಬೇಸಿಗೆ ಬಂತೆಂದರೆ ಸಾಕು, ಪಾನಕಕ್ಕೆ ಎರಡು ಐಸು ಕೊಡ್ರೀ ಎಂದು ಲೋಟ ಹಿಡಿದು ಬರುವವರ ಸಾಲು. ನಾನೂ ದೊಡ್ಡ ದಾನಿಯ ಹಾಗೆ ಟ್ರೇ ತಟ್ಟಿ ತಟ್ಟಿ ಕೊಡುತ್ತಿದ್ದೆ. ಒಂದು ವರ್ಷ ಆ ಸಾಲು ಇದ್ದಕ್ಕಿದ್ದಂತೆ ನಿಂತುಹೋಯಿತು. ಐಸಿನ ಪಕ್ಕದಲ್ಲಿ ಏನಿದೆ ಎಂಬ ಸುದ್ದಿ ಹಬ್ಬಿತ್ತು.

ಆದದ್ದಿಷ್ಟು. ಹೆಬ್ಬೂರಿನ ಕಡೆಯ ರೈತರೊಬ್ಬರು ಬದು ಕಡಿಯುವಾಗ ಒಂದು ಕೇರೆಹಾವಿಗೆ ಗುದ್ದಲಿ ತಾಗಿತು. ಪಾಪ, ಅವರಿಗೆ ಮನಸ್ಸು ತಡೆಯಲಿಲ್ಲ. ಗೋಣಿಚೀಲದಲ್ಲಿ ಹಾಕಿಕೊಂಡು, ಬಸ್ಸಿನಲ್ಲಿ ಯಾರಿಗೂ ಹೇಳದೆ, ನೇರವಾಗಿ ನಮ್ಮ ಮನೆಗೆ ತಂದರು. ನಮ್ಮವರು ಅದನ್ನು ಹಿತ್ತಿಲ ಕೋಣೆಯಲ್ಲಿ, ಜಾಲರಿ ಹೊಡೆದ ಮರದ ಪೆಟ್ಟಿಗೆಯೊಳಗೆ ಇಳಿಸಿದರು. ಮೈಬಣ್ಣ ನೋಡಿ ಕೆಂಚ ಎಂದು ಹೆಸರೂ ಇಟ್ಟರು.

ನಮ್ಮ ಅತ್ತೆ ಚೇಳೂರಿನವರು. ಹಾವನ್ನು ಹಾವು ಎಂದು ಬಾಯಿಬಿಟ್ಟು ಹೇಳಿದವರಲ್ಲ, "ಹುಳ" ಎನ್ನುತ್ತಿದ್ದರು. "ವಿಷ ಇಲ್ಲ ಕಣಮ್ಮ, ಕೇರೆ" ಎಂದು ಮಗ ಸಮಾಧಾನ ಹೇಳಿದರೆ, "ವಿಷ ಇಲ್ದಿದ್ರೆ ಏನ್ಲಾ? ಜೀವ ಝಲ್ ಅನ್ನಕ್ಕೆ ವಿಷ ಬೇಕಾ?" ಎಂದು ಕೇಳಿದರು. ನನಗೂ ಅದೇ ಪ್ರಶ್ನೆ ಇತ್ತು. ಅತ್ತೆ ಸೊಸೆ ಒಮ್ಮತಕ್ಕೆ ಬಂದ ಮೊದಲ ವಿಷಯ ಅದು.

ಬೆನ್ನಿಗೆ ಪೆಟ್ಟು ಬಿದ್ದ ಹಾವಿಗೆ ಜೀವಂತ ಇಲಿ ಬಿಟ್ಟರೆ, ಇಲಿಯೇ ತಿರುಗಿ ಕಚ್ಚುತ್ತದೆ. ನಮ್ಮವರು ಒಮ್ಮೆ ಬಿಟ್ಟು ನೋಡಿ, ಕೆಂಚನ ಗಾಯಕ್ಕೆ ಇನ್ನೊಂದು ಗಾಯ ಸೇರಿಸಿದ್ದರು. ಹಾಗಾಗಿ ಕಾಲೇಜಿನ ಇಲಿಗೂಡಿನಲ್ಲಿ ಹೆಚ್ಚಾದ ಬಿಳಿ ಇಲಿಗಳನ್ನು, ಯಾವ ಔಷಧಿಯೂ ಸೋಕದವನ್ನು, ಸತ್ತ ಮೇಲೆ ಬಿಸ್ಕತ್ತಿನ ಡಬ್ಬದಲ್ಲಿ ತಂದು ಫ್ರಿಜ್ಜಿನ ಮೇಲಿನ ಖಾನೆಗೆ ಸೇರಿಸಿದರು. ಸೋಮವಾರ ಮೊಟ್ಟೆಯನ್ನೂ ಮುಟ್ಟದ ನಮ್ಮ ಅತ್ತೆ, ಬಿಸ್ಕತ್ತು ಎಂದುಕೊಂಡು ಆ ಡಬ್ಬ ತೆರೆದದ್ದು ಸೋಮವಾರವೇ.

"ಅಯ್ಯೋ ಶಿವನೇ! ಐಸಿನ ಪೆಟ್ಟಿಗೆಯಾಗೆ ಇಲಿ ಮಡಗವ್ನಲ್ಲೇ ನಿನ್ ಗಂಡ!"

ಆ ಕೂಗು ಬೀದಿಯ ಕೊನೆಯ ಮನೆಗೂ ಕೇಳಿಸಿತು. ಐಸು ಕೇಳುವವರು ನಿಂತದ್ದು ಅಂದಿನಿಂದ.

ಮೊದಲ ಊಟ ಬಡಿಸಿದ್ದು ನಮ್ಮವರು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಮನುಷ್ಯ, ಕಲ್ಲಿನಂತಿದ್ದ ಇಲಿಯನ್ನು ಸ್ನಾನದ ಹಂಡೆಯ ಕುದಿಯುವ ನೀರಿಗೆ ಅದ್ದಿ ತೆಗೆದರು. ಮೇಲೆ ಬೆಂದಿತು, ಒಳಗೆ ಐಸು ಹಾಗೇ ಉಳಿಯಿತು. ಹಸಿದಿದ್ದ ಕೆಂಚ ನುಂಗಿದ, ಮಾರನೆಯ ದಿನ ಅಷ್ಟನ್ನೂ ಕಕ್ಕಿದ. ಒಗ್ಗರಣೆ ಸೌಟು ಯಾವುದು, ಹುಳಿ ಸೌಟು ಯಾವುದು ಎಂದು ತಿಳಿಯದವರನ್ನು ಒಲೆಯ ಹತ್ತಿರ ಬಿಟ್ಟರೆ ಆಗುವುದೇ ಇದು. ಅಂದಿನಿಂದ ಇಲಿಯ ಖಾತೆಯನ್ನು ನಾನೇ ಕಿತ್ತುಕೊಂಡೆ.

ಕೆಂಚ ಸೊರಗುತ್ತ ಹೋದ. ಕಕ್ಕಿದ ಹಾವಿನ ಹೊಟ್ಟೆಗೆ ವಿಶ್ರಾಂತಿ ಬೇಕೆಂದು ಕಾಯುತ್ತಿರುವಾಗಲೇ ನಮ್ಮವರಿಗೆ ಕುಣಿಗಲ್ಲಿಗೆ ಪರೀಕ್ಷೆಯ ಡ್ಯೂಟಿ ಬಂತು. ರಜೆಯೆಂದು ಕಾಲೇಜಿಗೆ ಬೀಗ. ಡಬ್ಬದಲ್ಲಿ ಉಳಿದಿದ್ದದ್ದು ಒಂದೇ ಇಲಿ. ಹೊರಡುವ ಮುನ್ನ ನಮ್ಮವರು ಪೆಟ್ಟಿಗೆಯ ಮುಂದೆ ನಿಂತು, "ಈ ಸಲ ತಿಂದು ಅರಗಿಸಿಕೊಂಡ್ರೆ ಬದುಕ್ತಾನೆ. ಇನ್ನೊಂದು ಸಲ ಕಕ್ಕಿದ್ರೆ ಉಳಿಯಲ್ಲ ಕಣೇ" ಎಂದರು. ಹೇಳಿ ಬಸ್ಸು ಹತ್ತಿದರು. ನನಗೆ ಅಳುವೇ ಬಂತು. ಹಾವೆಂದರೆ ಮೈ ಜುಮ್ಮೆನ್ನುವವಳಿಗೆ ಹಾವು ಸಾಯುತ್ತದೆಂದು ಸಂಕಟ, ಎಂಥ ಮನಸ್ಸಪ್ಪ ಇದು.

ಇನ್ನು ನನ್ನ ವಿಧಾನ ಕೇಳಿ, ನೋಟ್ಸ್ ಬರೆದುಕೊಂಡರೂ ಬೇಸರವಿಲ್ಲ. ಹಿಂದಿನ ಸಂಜೆಯೇ ಇಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಮುಚ್ಚಳದ ಡಬ್ಬದಲ್ಲಿಟ್ಟು, ಫ್ರಿಜ್ಜಿನ ಕೆಳಗಿನ ಅಂತಸ್ತಿಗೆ ಇಳಿಸಬೇಕು, ದೋಸೆಹಿಟ್ಟಿನ ನೆರೆಹೊರೆಯಲ್ಲಿ ಅಲ್ಲ. ಅಡುಗೆಕಟ್ಟೆಯ ಮೇಲಿಟ್ಟು ಮರೆತರೆ, ನಡುವೆ ಐಸು ಬಿಡುವಷ್ಟರಲ್ಲಿ ಮೇಲ್ಭಾಗ ಕೆಡಲು ಶುರುವಾಗಿರುತ್ತದೆ. ಬೆಳಗ್ಗೆ ಕವರಿನ ಸಮೇತ ಬೆಚ್ಚನೆಯ ನೀರಿನಲ್ಲಿ ಮುಳುಗಿಸಬೇಕು. ಎಷ್ಟು ಬೆಚ್ಚಗೆ? ಹಾಲಿಗೆ ಹೆಪ್ಪು ಹಾಕುವ ಮುಂಚೆ ಬೆರಳಿಟ್ಟು ನೋಡುತ್ತೇವಲ್ಲ, ಅದಕ್ಕಿಂತ ಒಂದು ಚೂರು ಬಿಸಿ. ಆಮೇಲೆ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಗಟ್ಟಿಯಾಗಿ ಏನಾದರೂ ತಗುಲಿದರೆ ಒಳಗೆ ಐಸಿದೆ ಎಂದೇ ಅರ್ಥ, ನೀರು ಬದಲಿಸಿ ಮತ್ತೆ ಕಾಯಬೇಕು. ಒಮ್ಮೆ ಐಸು ಬಿಟ್ಟದ್ದನ್ನು ಮತ್ತೆ ಐಸಿಗೆ ಇಡಲೇಬಾರದು. ಆ ಪಾತ್ರೆ ಆ ಕೆಲಸಕ್ಕೇ ಮೀಸಲು, ಕೆಲಸ ಮುಗಿದ ಮೇಲೆ ಸೋಪು ಹಾಕಿ ಮೊಳಕೈವರೆಗೆ ತೊಳೆದುಕೊಳ್ಳಬೇಕು. ಇದನ್ನು ಯಾವ ಪಠ್ಯದಲ್ಲೂ ಓದಿದ್ದಲ್ಲ. ಮೊಸರು ಹೆಪ್ಪು ಹಾಕಿದ ಕೈಗೂ ನನ್ನ ಗೃಹವಿಜ್ಞಾನಕ್ಕೂ ಹುಟ್ಟಿದ ಕೂಸು.

ಅಂದು ಬೆಳಗ್ಗೆ ಇಲಿ ಹದಕ್ಕೆ ಬಂದಿತ್ತು. ಒರೆಸಿ, ತಟ್ಟೆಯಲ್ಲಿಟ್ಟು, ಕೈ ತೊಳೆಯಲು ಬಚ್ಚಲಿಗೆ ಹೋಗಿ ಬಂದೆ. ಅಷ್ಟರಲ್ಲಿ ನನ್ನ ಬಿಳಿ ಇಲಿ ಹಳದಿಯಾಗಿತ್ತು! ಪಕ್ಕದಲ್ಲಿ ಅತ್ತೆ, ಕೈಯಲ್ಲಿ ಅರಿಸಿನದ ಬಟ್ಟಲು.

"ಅದರ ಬೆನ್ನಾಗೆ ಗಾಯ ಅಂದ್ರಲ್ಲ, ಅರಿಸಿನ ಬಿದ್ರೆ ಬಿರ‍್ರನೆ ವಾಸಿಯಾಯ್ತದೆ. ಹುಳಕ್ಕೆ ಹಚ್ಚಕ್ಕೆ ನಂಗೆ ಧೈರ್ಯ ಇಲ್ಲ ಕಣೇ. ಅದು ತಿನ್ನದಕ್ಕೇ ಹಚ್ಚಿವ್ನಿ, ಹೊಟ್ಟೆಗೋಗಿ ಕೆಲಸ ಮಾಡ್ಲಿ."

ಮಗುವಿನ ಮಂಡಿ ತರಚಿದರೂ ಸೊಸೆಯ ಬೆರಳು ಕೊಯ್ದರೂ ಅವರು ಮೊದಲು ಓಡುತ್ತಿದ್ದದ್ದು ಅರಿಸಿನದ ಡಬ್ಬಕ್ಕೇ. ಹುತ್ತಕ್ಕೆ ಹಾಲಿನ ತನಿ ಎರೆದು, ಹಾಲು ಬೇಕೋ ಬೇಡವೋ ಎಂದು ಹಾವನ್ನು ಎಂದೂ ಕೇಳದ ಜನ ನಾವು. ನಮಗೆ ಒಳ್ಳೆಯದಾದದ್ದು ಅದಕ್ಕೂ ಒಳ್ಳೆಯದು ಎಂದು ತಲೆತಲಾಂತರದಿಂದ ಬಡಿಸುತ್ತಲೇ ಬಂದಿದ್ದೇವೆ. ಇಕ್ಕಳದಲ್ಲಿ ಇಲಿ ಹಿಡಿದು ಜಾಲರಿಯೊಳಗೆ ಇಳಿಸಿದೆ. ಹಾವು ವಾಸನೆ ನೋಡುವುದು ನಾಲಗೆಯಿಂದ. ಕೆಂಚ ಒಂದು ಸಲ ನಾಲಗೆ ಚಾಚಿದ, ಮುಖ ತಿರುಗಿಸಿದ, ಗೋಣಿಯ ಮಡಿಕೆಯೊಳಗೆ ತಲೆ ಹುದುಗಿಸಿಕೊಂಡ.

"ಒಂದೇ ಇಲಿ ಇದ್ದದ್ದು ಅತ್ತೆ! ಇದೂ ಹೋಯ್ತು!" ಎಂದು ಕೂಗಿಬಿಟ್ಟೆ.

ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತರು. "ನನ್ ಕೈಯಾರ ಅದನ್ನ ಉಪವಾಸ ಕೆಡವಿದ್ನಲ್ಲೇ" ಎಂದರು. ಕಣ್ಣಲ್ಲಿ ನೀರು. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು.

ಅರಿಸಿನ ಹೋಗುವವರೆಗೆ ಇಲಿಯನ್ನು ಬರೀ ಬೆಚ್ಚನೆಯ ನೀರಿನಲ್ಲಿ ತೊಳೆದೆ. ಬಣ್ಣ ಸುಮಾರಾಗಿ ಹೋಯಿತು, ಅದರ ಜೊತೆಗೆ ಇಲಿಯ ವಾಸನೆಯೂ ಹೋಯಿತು. "ಇಲಿ ವಾಸನೆ ಎಲ್ಲಿಂದ ತರಲಿ ಅತ್ತೆ ಈಗ?" ಎಂದೆ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ತಲೆಯೆತ್ತಿದರು. "ಇಲಿ ವಾಸ್ನೆಗೇನೇ ಬರ? ಅಟ್ಟದ ಮ್ಯಾಲೆ ರಾಗಿ ಮೂಟೆ ಹಿಂದೆ ನೋಡು. ನನ್ ಮದ್ವೆ ಸೀರೆ ಚಿಂದಿ ಮಾಡಿ ಗೂಡು ಕಟ್ಟವೆ. ನೀನು ಬೇಜಾರ್ ಮಾಡ್ಕತೀಯ ಅಂತ ಹೇಳ್ಲಿಲ್ಲ."

ಅಟ್ಟ ಹತ್ತಿದೆ. ನಿಜವೇ. ಕಾಲೇಜಿನಿಂದ ಇಲಿ ಹೊತ್ತು ತರುತ್ತಿದ್ದ ಲೆಕ್ಚರರ ಮನೆಯ ಅಟ್ಟದಲ್ಲಿ ಇಲಿಗಳ ಸಂಸಾರವೇ ನಡೆದಿತ್ತು. ಜರಿಯ ಚೂರುಗಳ ಸಮೇತ ಆ ಚಿಂದಿಯನ್ನು ಕೆಳಗೆ ತಂದೆ, ಇಲಿಯನ್ನು ಅದರಲ್ಲಿ ಚೆನ್ನಾಗಿ ಹೊರಳಿಸಿದೆ, ಮೆತ್ತಿಕೊಂಡ ಎಳೆಗಳನ್ನು ಬಿಡಿಸಿದೆ. ಮತ್ತೆ ಇಕ್ಕಳ. ಈ ಸಲ ಇಕ್ಕಳವನ್ನು ಮೆಲ್ಲಗೆ ಅಲುಗಿಸಿದೆ, ಇಲಿಗೆ ಜೀವ ಬಂದಂತೆ ಕಂಡಿತು. ಕೆಂಚ ತಲೆ ಹೊರಗಿಟ್ಟ. ನಾಲಗೆ ಆಡಿಸಿದ, ಮತ್ತೆ ಆಡಿಸಿದ.

"ತಿನ್ನಪ್ಪ, ತಿನ್ನು ನನ್ ಮಗನೇ" ಎಂದು ಬಾಗಿಲಿನಿಂದ ಅತ್ತೆಯ ದನಿ ಕೇಳಿತು.

ಕೆಂಚ ಗಬಕ್ಕನೆ ಹಿಡಿದ. ನಾನು ಇಕ್ಕಳ ಬಿಟ್ಟು ಅತ್ತೆಯನ್ನು ತಬ್ಬಿಕೊಂಡೆ. ತೊಳೆಯದ ಕೈಯಲ್ಲಿ ತಬ್ಬಿಕೊಂಡೆನೆಂದು ಆಮೇಲೆ ಇಬ್ಬರೂ ತಲೆಗೆ ನೀರು ಹಾಕಿಕೊಂಡೆವು.

ನುಂಗಿದ್ದು ಅರ್ಧ ಗೆಲುವಷ್ಟೇ. ಆಮೇಲಿನ ದಿನಗಳಲ್ಲಿ ನಾವಿಬ್ಬರೂ ಎದ್ದ ಕೂಡಲೇ ಕಾಫಿಗೂ ಮುಂಚೆ ಪೆಟ್ಟಿಗೆಯ ಮುಂದೆ ಹಾಜರಾಗುತ್ತಿದ್ದೆವು. ಹೊಟ್ಟೆಯ ಉಬ್ಬು ಮೆಲ್ಲಗೆ ಕೆಳಗೆ ಸರಿಯಿತು, ಸಣ್ಣಗಾಯಿತು, ಕೊನೆಗೆ ಇಲ್ಲವಾಯಿತು. ಕೆಂಚ ಕಕ್ಕಲಿಲ್ಲ. ಕುಣಿಗಲ್ಲಿನಿಂದ ಬಂದ ನಮ್ಮವರು ಪೆಟ್ಟಿಗೆ ನೋಡಿ ಹಿಗ್ಗಿದರು, ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ಪಕ್ಕದ ಮನೆಯವರು ಬಂದು, "ನಿಮ್ಮ ಮಗ ಹಾವು ಉಳಿಸಿದ್ರಂತಲ್ಲಮ್ಮ" ಎಂದರು.

"ಅವನೆಲ್ಲುಳಿಸ್ದ? ಅವ್ನು ಕುಣಿಗಲ್ನಾಗಿದ್ದ ಬುಡಿ. ಉಳಿಸಿದ್ದು ನಮ್ ಸೊಸೆ" ಎಂದರು ಅತ್ತೆ.

ಮದುವೆಯಾಗಿ ಅಷ್ಟು ವರ್ಷ ಅಡುಗೆ ಮಾಡಿ ಬಡಿಸಿದ್ದೆ. ಚೆನ್ನಾಗಿದೆ ಎಂಬ ಒಂದು ಮಾತು ಅವರ ಬಾಯಿಂದ ಬಿದ್ದಿರಲಿಲ್ಲ. ಒಳಗೆ ಹೋಗಿ ಸುಮ್ಮನೆ ಫ್ರಿಜ್ಜು ಒರೆಸುತ್ತ ನಿಂತೆ. ಎದೆ ಉಬ್ಬುವುದು ಎಂದರೆ ಏನೆಂದು ನನಗೆ ಅವತ್ತು ಗೊತ್ತಾಯಿತು.

ರಜೆ ಮುಗಿದು ಕಾಲೇಜಿನಿಂದ ಮತ್ತೆ ಡಬ್ಬ ಬಂತು, ನನ್ನ ಕೈಯ ಊಟ ಮುಂದುವರಿಯಿತು, ಗಾಯ ಮಾಯಿತು. ಮಳೆಗಾಲ ಶುರುವಾದ ಮೇಲೆ ಕೆಂಚನನ್ನು ಹೆಬ್ಬೂರಿನ ಅದೇ ಬದುವಿಗೆ ಬಿಡಲು ಹೋದೆವು. ನಾನೂ ಬರ್ತೀನಿ ಎಂದು ಅತ್ತೆಯೂ ಹೊರಟರು. ಚೀಲದ ಬಾಯಿ ಬಿಚ್ಚಿದ್ದೇ ತಡ, ಕೆಂಚ ಹುಲ್ಲಿನೊಳಗೆ ಸರಸರ ಹರಿದು, ಬದುವಿನ ಒಂದು ಬಿಲಕ್ಕೆ ನುಗ್ಗಿದ. ಒಳಗಿನಿಂದ ಇಲಿಯ ಕಿಚಕಿಚ ಕೇಳಿತು. ಆಮೇಲೆ ಎಲ್ಲ ನಿಶ್ಶಬ್ದವಾಯಿತು.

"ಇನ್ನ ನಿನ್ ಅಡುಗೆ ಬ್ಯಾಡ ಕಣೇ ಅದಕ್ಕೆ" ಎಂದು ಅತ್ತೆ ನಕ್ಕರು, ಮೂಗು ಒರೆಸಿಕೊಂಡರು.

ನನ್ನ ಕೈಯಲ್ಲಿ ಉಂಡವರು ಬಹಳ ಜನ ಇದ್ದಾರೆ. ಅವರೆಲ್ಲ ಮತ್ತೆ ಬರಲಿ, ಇನ್ನೊಂದು ತುತ್ತು ಬಡಿಸು ಎನ್ನಲಿ ಎಂದೇ ನಾನು ಆಸೆಪಟ್ಟವಳು. ಮತ್ತೆಂದೂ ನನ್ನ ಬಾಗಿಲಿಗೆ ಬಾರದಿರಲಿ ಎಂದು ಹೆಮ್ಮೆಯಿಂದ ಹಾರೈಸಿ ಕಳಿಸಿದ್ದು ಅವನೊಬ್ಬನನ್ನೇ.