ನಿಂತ ಕುದುರೆಗೆ ಲಾಳ

ಲಾಳದ ಸಾಯ್ಬ್ರು ಬಾಯಲ್ಲಿ ನಾಲ್ಕೈದು ಮೊಳೆ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಮೊಳೆಗಳು ತುಟಿಯ ಬಲಬದಿಗೆ ಸಾಲಾಗಿ ನಿಂತಿದ್ದರೆ ಎಡಬದಿಯ ಸಂದಿಯಿಂದ ಬೈಗುಳ, ತಮಾಷೆ, ಮನೆಯ ಸುದ್ದಿ ಎಲ್ಲ ಹೊರಬರುತ್ತಿತ್ತು. ಮೊಳೆ ಕಚ್ಚಿ ಕಚ್ಚಿ ಆ ಬಲಮೂಲೆಗೆ ಕಪ್ಪು ಕಲೆ ಬಿದ್ದಿತ್ತು.

ಬಾರ್ಕೂರಿನ ಕಡೆ ಗಾಡಿ ಎತ್ತುಗಳಿಗೆ ಲಾಳ ಹೊಡೆಯುವುದು ಅವರ ಕಸುಬು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಬೊಂಬಾಯಿಗೆ ಹೋದವ. ಅಲ್ಲಿನ ಸಮುದ್ರದಂಡೆಯಲ್ಲಿ ಯಾರದೋ ಕುದುರೆಯ ಹಗ್ಗ ಹಿಡಿದು ಎಷ್ಟೋ ವರ್ಷ ಮರಳು ತುಳಿದೆ. ಸಾಕಾಯಿತು. ತೊಂಬತ್ತೇಳರಲ್ಲಿ ಒಂದು ಬಿಳಿ ಹೆಣ್ಣು ಕುದುರೆ ಕೊಂಡು ಲಾರಿಯಲ್ಲಿ ಊರಿಗೆ ತಂದೆ. ಮರವಂತೆಯಲ್ಲಿ ಸಮುದ್ರ ನೋಡಲು ಕಾರು ನಿಲ್ಲಿಸುವವರ ಮಕ್ಕಳನ್ನು ಕೂರಿಸಿ ಸುತ್ತು ಹಾಕಿಸುವ ಕೆಲಸ. ಮೀನಿನ ವ್ಯಾಪಾರ ಮಾಡುವ ನನ್ನ ಅಣ್ಣಂದಿರು ನಕ್ಕರು. ನಗಲಿ, ನಾನು ಯಾರ ಮುಂದೂ ಕೈ ಚಾಚಿದವನಲ್ಲ. ಆದರೆ ಒಂದೂವರೆ ತಿಂಗಳಿಗೊಮ್ಮೆ ಗೊರಸು ಕೆತ್ತಿ ಲಾಳ ಬದಲಿಸದಿದ್ದರೆ ಕುದುರೆ ಕುಂಟುತ್ತದೆ. ಅದು ಕುಂಟಿದರೆ ನಮ್ಮ ಮನೆಯಲ್ಲಿ ಅನ್ನವಿಲ್ಲ. ಕುದುರೆಗೆ ಲಾಳ ಹೊಡೆದವರು ನಮ್ಮ ಕಡೆ ಒಬ್ಬರೂ ಇರಲಿಲ್ಲ.

ಸಾಯ್ಬ್ರಿಗೇ ಹೇಳಿ ಕಳಿಸಿದೆ. ಮೊದಲ ಸಲ ಅವರು ಬಸ್ಸಿಳಿದದ್ದು ಹೆಗಲ ಮೇಲೆ ದಪ್ಪ ಹಗ್ಗ ಹೊತ್ತುಕೊಂಡು. ಎತ್ತನ್ನು ಕೆಡವಿ, ಕಾಲು ಕಟ್ಟಿ ಲಾಳ ಹೊಡೆಯುವುದು ಕ್ರಮ. ಅವರು ಹಗ್ಗ ಬಿಚ್ಚಿದ್ದೇ ನಾನು ಅಡ್ಡ ಹೋದೆ.

“ಸಾಯ್ಬ್ರೇ, ಕುದ್ರಿ ಕೆಡುಗೂಕಾಗ. ಅದ್ ನಿಂತೇ ಇರತ್. ಒಂದೊಂದೇ ಕಾಲ್ ಎತ್ತಿ ತೊಡಿ ಮೇಲ್ ಇಟ್ಕಂಡ್ ಹೊಡಿಕ್.”

“ಅದ್ ನಿಂತಿಪ್ಪುದ್, ನಾನ್ ಬಗ್ಗೂದಾ?”

“ಹೌದ್.”

“ಒಳ್ಳೆ ಕತಿ ಮಾರಾಯ! ಎತ್ತಾರೆ ನನ್ ಮುಂದ್ ಬೀಳತ್. ನಿನ್ ಕುದ್ರಿ ಮುಂದ್ ನಾನೇ ಬೀಳ್ಕಾ?”

ಆ ದಿನ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಒಂದೊಂದು ಕಾಲನ್ನೂ ಎತ್ತಿದರು, ಸವರಿದರು, ಇಳಿಸಿದರು, ಬಸ್ಸು ಹತ್ತಿದರು. ಮತ್ತೆ ಬಂದಾಗ, ಬೊಂಬಾಯಿಯಲ್ಲಿ ಕಂಡದ್ದನ್ನು ನಾನು ಬಾಯಲ್ಲಿ ಹೇಳಿದೆ, ಅವರು ಕೈಯಲ್ಲಿ ಕಲಿತರು. ಆಮೇಲೆ ಪ್ರತಿ ಸಲ ಕೆಲಸ ಮುಗಿಸಿ, ಗೋಡೆಗೆ ಬೆನ್ನು ಕೊಟ್ಟು, “ಸ್ವಂಟ ಹೋಯ್ತ್ ಮಾರಾಯ” ಎಂದು ನನ್ನ ಹೆಂಡತಿ ಕೊಟ್ಟ ಚಾ ಕುಡಿಯುವರು. ಮಳೆಗಾಲದಲ್ಲಿ ಗೊರಸು ನೆನೆದು ಮೆತ್ತಗಾಗುತ್ತದೆಂದು ಲಾಳ ಕಿತ್ತು ಬರಿಗಾಲಲ್ಲಿ ಬಿಡಿಸುತ್ತಿದ್ದರು. ಟೆಂಪೋ ಬಂದು ಎತ್ತಿನ ಗಾಡಿಗಳು ಮೂಲೆ ಸೇರಿದ ಮೇಲೆ ಅವರಿಗೆ ಉಳಿದದ್ದು ನನ್ನ ಕುದುರೆ ಒಂದೇ.

ಒಂದು ವರ್ಷ ಪ್ರವಾಸಿಗರು ತುಂಬಿ ಬರುವ ಹೊತ್ತಿಗೇ, ಹೊಸ ಲಾಳ ಹೊಡೆದ ಎರಡು ದಿನಕ್ಕೆ, ಕುದುರೆ ಮುಂದಿನ ಎಡಗಾಲು ಊರಲೊಲ್ಲದು. “ಮಾರಿ ಬಿಡ್, ಇನ್ ಅದ್ರ ಕೈಯಂಗೆ ಆತಿಲ್ಲೆ” ಎಂದರು ಅಣ್ಣಂದಿರು. ಘಟ್ಟದ ಮೇಲಿನ ಒಬ್ಬ ಕೊಳ್ಳುವವನೂ ಮನೆಗೆ ಎಡತಾಕತೊಡಗಿದ.

ಸಾಯ್ಬ್ರು ಬಂದು ಗೊರಸಿಗೆ ಅಂಗೈ ಇಟ್ಟರು. ಸುಡುತ್ತಿತ್ತು. ಸುತ್ತಿಗೆಯಿಂದ ಒಂದೊಂದೇ ಮೊಳೆಯನ್ನು ತಟ್ಟುತ್ತ ಹೋದರು. ಒಂದು ಕಡೆ ಕುದುರೆ ಕಾಲು ಎಳೆದುಕೊಂಡಿತು. ಆ ಮೊಳೆ ಕಿತ್ತರೆ ಕಪ್ಪು ಕೀವು.

“ಇದ್ ನನ್ ಮೊಳಿ. ಒಳ್ಗಿನ್ ಜೀವಕ್ಕೆ ತಾಗ್ಸಿದ್ದೆ.”

“ಕಲ್ಲ್ ತಾಗಿಪ್ಪುದ್ ಸಾಯ್ಬ್ರೇ.”

“ಕಲ್ಲಿನ್ ಹೆಸ್ರ್ ಹೇಳ್ಬೇಡ. ಕಣ್ ಮಂಜ್ ಆಯಿ ವರ್ಷ ಆಯ್ತ್. ಕಸ್ಬ್ ಬಿಡೂಕ್ ಮನ್ಸಿಲ್ಲೆ, ನಿನ್ಹತ್ರ ಹೇಳ್ಲಿಲ್ಲ. ಕಾಣ್, ಯಾರ್ ನೋವ್ ತಿಂಬುದ್.”

ಅವರು ಊರಿಗೆ ಹೋಗಲಿಲ್ಲ. ನಮ್ಮ ಜಗಲಿಯಲ್ಲೇ ಮಲಗಿದರು. ಬೆಳಿಗ್ಗೆ ಸಂಜೆ ಬಿಸಿ ಉಪ್ಪುನೀರಿನಲ್ಲಿ ಆ ಕಾಲು ಅದ್ದುವುದು, ಗೋಣಿ ಸುತ್ತುವುದು. ಕೊಳ್ಳುವವ ಮತ್ತೆ ಬಂದಾಗ, “ಹ್ವಾಯ್, ಹೆಣ್ ಕಾಂಬುಕ್ ಬಂದಾಂಗೆ ದಿನಾ ಬರ್ಬೇಡಿ ಮಾರ್ರೆ” ಎಂದು ಅವರೇ ಅಟ್ಟಿದರು. ಕೊನೆಗೊಂದು ಬೆಳಿಗ್ಗೆ ಕುದುರೆ ಕಾಲೂರಿ ನಿಂತಿತು. ಸಾಯ್ಬ್ರು ನಗಲಿಲ್ಲ. ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು.

“ಇನ್ ನೀನೇ ಹೊಡಿ. ನಂಗೆ ಕಣ್ ಇಲ್ಲೆ, ಕೆಮಿ ಇತ್ತ್. ನಾ ಕೇಂತೆ.”

ಅಂದಿನಿಂದ ನಾನು ಹೊಡೆಯುವುದು, ಅವರು ಪಕ್ಕದಲ್ಲಿ ಕಣ್ಣು ಮುಚ್ಚಿ ಕಿವಿಗೊಟ್ಟು ಕೂರುವುದು. ಗೊರಸಿನ ಹೊರಗೋಡೆ ನಮ್ಮ ಉಗುರಿನ ಹಾಗೆ, ಅದಕ್ಕೆ ನೋವಿಲ್ಲ. ಮೊಳೆ ಅದರಲ್ಲೇ ಏರುವಾಗ ಗಟ್ಟಿ ಸದ್ದು. ಒಳಗಿನ ಜೀವದ ಕಡೆ ತಿರುಗಿದರೆ ಸದ್ದು ಮೆತ್ತಗಾಗುತ್ತದೆ. “ನಿಲ್ಸ್, ತೆಗಿ” ಎನ್ನುವರು. ತೆಗೆದು ಮತ್ತೆ ಹೊಡೆಯುವೆ. ಬೆವರಿ ಸಾಕಾಗಿ ಸಿಟ್ಟು ಬಂದರೂ ಬಿಡುತ್ತಿರಲಿಲ್ಲ.

ಒಂದು ಮಳೆಗಾಲ, ಕುದುರೆ ಬರಿಗಾಲಲ್ಲಿದ್ದಾಗಲೇ, ಸಾಯ್ಬ್ರು ತೀರಿಕೊಂಡರು. ಗೋರಿಗೆ ಒದ್ದೆ ಮಣ್ಣು ಹಾಕಿ ಬಂದೆ.

ಮಳೆ ಬಿಟ್ಟ ಮೇಲೆ ಮೊದಲ ಸಲ ಒಬ್ಬನೇ ಲಾಳ ಹೊಡೆಯಲು ಬಗ್ಗಿದೆ. ಒಂದು ಪೆಟ್ಟು, ನಿಲ್ಲಿಸಿ ಕೇಳುವುದು, ಇನ್ನೊಂದು ಪೆಟ್ಟು. ನಾಲ್ಕು ಕಾಲು ಮುಗಿಯುವಾಗ ಮಧ್ಯಾಹ್ನ. ಮರಳಿಗಿಳಿಸಿ ನಡೆಸಿದೆ. ಹೆಜ್ಜೆ ಸಮನಾಗಿ ಬಿದ್ದವು. ಸಾಯ್ಬ್ರು ಇದ್ದಿದ್ದರೆ “ಅಡ್ಡಿಲ್ಲೆ” ಎನ್ನುತ್ತಿದ್ದರು, ಅದಕ್ಕಿಂತ ದೊಡ್ಡ ಮಾತು ಅವರಲ್ಲಿ ಇರಲಿಲ್ಲ. ಹೆದ್ದಾರಿ ಬದಿಗೆ ಒಂದು ಕಾರು ಬಂದು ನಿಂತಿತು. ಬೆನ್ನು ನೆಟ್ಟಗೆ ಮಾಡಿಕೊಂಡು ಕುದುರೆಯನ್ನು ಆ ಕಡೆ ನಡೆಸಿದೆ.