ಅಕ್ಕ ಉಡಿಸಿದ ಗಾರ್ಡು

ಹೋದ ವಾರ ಹಾಸನದಲ್ಲಿ ಹೊಸ ಫೋನು ಕೊಂಡೆ. ದುಡ್ಡು ಕೊಟ್ಟು ಜೇಬಿಗಿಳಿಸಬೇಕು, ಅಷ್ಟರಲ್ಲಿ ಅಂಗಡಿಯ ಹೆಣ್ಣುಮಗಳು ತಡೆದು, "ಸಾ, ಗಾರ್ಡ್ ಹಾಕ್ಬುಡ್ಲಾ?" ಅಂದಳು. ಯಾತಕ್ಕಮ್ಮ ಅದು ಅಂದೆ. "ಬಿದ್ರೆ ಗಾರ್ಡ್ ಒಡ್ದೋಯ್ತದೆ ಸಾ, ಫೋನ್ ಉಳ್ಕತದೆ" ಅಂತ ತೀರ್ಮಾನ ಕೊಟ್ಟು, ನನ್ನ ಒಪ್ಪಿಗೆಗೂ ಕಾಯದೆ ತೆಳ್ಳನೆಯ ಗಾಜೊಂದನ್ನು ಅಂಟಿಸಿಯೇಬಿಟ್ಟಳು. ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ರಿಟೈರಾದವನು ನಾನು. ಗಾರ್ಡ್ ಅನ್ನುವ ಪದವನ್ನು ಇಷ್ಟು ಚೊಕ್ಕವಾಗಿ ಯಾವ ಮಕ್ಕಳಿಗೂ ಬಿಡಿಸಿ ಹೇಳಿದ್ದು ನೆನಪಿಲ್ಲ. ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸುತ್ತ ಬಂದೆ.

ನಮಗೆ ಕಾವಲು ಅನ್ನುವ ಒಳ್ಳೆಯ ಪದವೇ ಇತ್ತಲ್ಲ, ಅದನ್ನು ಬಿಟ್ಟು ಇದನ್ನೇಕೆ ಮನೆಯೊಳಕ್ಕೆ ಕರೆದುಕೊಂಡೆವೋ. ನನಗೆ ಗೊತ್ತಿದ್ದ ಮೊದಲನೆಯ ಗಾರ್ಡು ರೈಲಿನವರು. ಹೊಳೆನರಸೀಪುರದಲ್ಲಿ ನನ್ನ ಮೊದಲ ನೌಕರಿ. ಶನಿವಾರ ಊರಿಗೆ ಹೋಗಲು ಪ್ಯಾಸೆಂಜರ್ ಗಾಡಿ ಹತ್ತುತ್ತಿದ್ದೆ. ಕೊನೆಯ ಡಬ್ಬಿಯಲ್ಲಿ ಬಿಳಿ ಬಟ್ಟೆ ತೊಟ್ಟ ಒಬ್ಬರು ಹಸಿರು ಬಾವುಟ ಬೀಸಿದರೆ ಅಷ್ಟುದ್ದದ ಗಾಡಿ ಹೊರಡುತ್ತಿತ್ತು. ನಾನು ಬೆತ್ತ ಬೀಸಿದರೂ ಒಂಬತ್ತನೇ ಕ್ಲಾಸು ಅಲ್ಲಾಡುತ್ತಿರಲಿಲ್ಲ. ಈಗ ಅವರನ್ನು ಗಾರ್ಡ್ ಅನ್ನುವ ಹಾಗಿಲ್ಲವಂತೆ, ಟ್ರೇನ್ ಮ್ಯಾನೇಜರ್ ಅನ್ನಬೇಕಂತೆ. ಅನ್ನಲಿ ಬಿಡಿ.

ಆಮೇಲೆ ಸ್ಕೂಲಿನ ಬಯಲಿನ ಕ್ರಿಕೆಟ್ಟು. ಬ್ಯಾಟು ಹಿಡಿದವನು ವಿಕೆಟ್ಟಿನ ಮುಂದೆ ನಿಂತು ಹಿಮ್ಮಡಿಯಲ್ಲಿ ಗೀಟು ಎಳೆದು "ಗಾರ್ಡ್ ತಗೊಂಡೆ" ಅನ್ನುತ್ತಿದ್ದ. ನಾನೂ ಬಹಳ ಶಾಸ್ತ್ರೋಕ್ತವಾಗಿ ತಗೊಳ್ಳುತ್ತಿದ್ದೆ, ಮೊದಲನೇ ಬಾಲಿಗೆ ಔಟಾಗುತ್ತಿದ್ದೆ. ಸ್ಕೂಟರಿಗೆ ಮಡ್‌ಗಾರ್ಡು, ಹಿಂದೆ ಕೂರುವ ನನ್ನ ಹೆಂಡತಿಯ ಸೆರಗಿಗೆ ಸೀರೆ ಗಾರ್ಡು, ರಸ್ತೆ ಬದಿಯ ಸಸಿಗೆ ಟ್ರೀ ಗಾರ್ಡು. ಇಷ್ಟೊಂದು ಜನ ಕಾವಲಿಗೆ ನಿಂತಿದ್ದರೆ ನಾವು ಸುಮ್ಮನಿರುತ್ತೇವೆಯೇ? ಕಾವಲಿಗೆ ಬಂದವನನ್ನು ಬಿಚ್ಚಿ ಬೇರೆ ಕೆಲಸಕ್ಕೆ ಹಾಕುವುದು ನಮ್ಮ ಕಡೆಯವರ ರೂಢಿ. ಅರಕಲಗೂಡಿನಲ್ಲಿ ನನ್ನ ಸ್ನೇಹಿತನ ಮನೆಯ ಹಿತ್ತಲಲ್ಲಿ ಟ್ರೀ ಗಾರ್ಡನ್ನು ಅಡ್ಡ ಮಲಗಿಸಿ ಮೇಲೊಂದು ಗೋಣಿ ಹೊದಿಸಿ ಕೋಳಿ ಕೂಡಿಹಾಕಿದ್ದರು. ನನ್ನ ಹೆಂಡತಿ ಹಳೇ ಸ್ಕೂಟರಿನ ಸೀರೆ ಗಾರ್ಡಿನ ಮೇಲೆ ಸಂಡಿಗೆ ಒಣಗಿಸುತ್ತಾಳೆ. ಈ ಪಾಪದಲ್ಲಿ ನನ್ನ ಪಾಲು ದೊಡ್ಡದು, ಅದನ್ನು ಹೇಳಲೆಂದೇ ಇಷ್ಟು ಸುತ್ತು ಬಳಸಿ ಬಂದೆ.

ನನ್ನ ಅಕ್ಕನನ್ನು ಕೊಟ್ಟಿರುವುದು ದುದ್ದದ ಹತ್ತಿರದ ಒಂದು ಹಳ್ಳಿಗೆ. ಮನೆಯಲ್ಲಿ ಅವಳು, ಭಾವ, ಮಗಳು ರೂಪಾ, ಐದು ಸೀಮೆಹಸು. ಹಸುಗಳೆಂದರೆ ಅಕ್ಕನ ದರ್ಬಾರು, ಡೈರಿಗೆ ಎರಡು ಹೊತ್ತೂ ಅವಳೇ ಹಾಲು ಹಾಕಿ ಬರಬೇಕು. ಹತ್ತು ವರ್ಷದ ಹಿಂದೆ ಭಾವ ಹುಲ್ಲು ಕತ್ತರಿಸುವ ಮಿಷನ್ನು ತಂದರು. ಒಂದು ಕಡೆಯಿಂದ ಸೀಮೆಹುಲ್ಲಿನ ಕಂತೆ ತುರುಕಿದರೆ ಒಳಗಿನ ಎರಡು ರೋಲರು ಅದನ್ನು ಎಳೆದುಕೊಂಡು ಬ್ಲೇಡಿಗೆ ಕೊಡುತ್ತವೆ, ಇನ್ನೊಂದು ಕಡೆ ಚೂರು ಚೂರಾಗಿ ಬೀಳುತ್ತದೆ. ಹುಲ್ಲು ಇಡುವ ತಟ್ಟೆಯ ಮೇಲೆ ಒಂದು ಮೊಳದುದ್ದದ, ಎರಡೂ ತುದಿ ತೆರೆದ ತಗಡಿನ ಗೂಡು ಮುಚ್ಚಿತ್ತು. ಅದೇ ಗಾರ್ಡು. ಪೂಜೆಗೆ ನಾನೂ ಹೋಗಿದ್ದೆ. ನಿಂಬೆಹಣ್ಣು ಕುಯ್ದದ್ದೇ ತಡ ಭಾವ ಸ್ಪ್ಯಾನರ್ ಹುಡುಕಿದರು. ಊರಲ್ಲಿ ಯಾರೂ ಅದನ್ನು ಇಟ್ಟುಕೊಳ್ಳುತ್ತಿರಲಿಲ್ಲ.

"ಇದಿದ್ರೆ ಕೈಯೇ ಒಳಕ್ಕೋಗಕಿಲ್ಲ ಕಣ್ರೀ ಮೇಷ್ಟ್ರೇ. ಉಲ್ಲು ತಳ್ಳದು ಎಂಗೆ?" ಅಂದರು.

ಹೌದು ಭಾವ, ಘರ್ಷಣೆ ಜಾಸ್ತಿಯಾಗುತ್ತದೆ, ಮೋಟಾರಿಗೂ ಭಾರ, ಅಂದೆ. ಅಂದವನು ನಾನು. ನಾಲ್ಕು ಬೋಲ್ಟನ್ನು ಬಿಚ್ಚಿದವನೂ ನಾನೇ. ಅಷ್ಟಕ್ಕೇ ನಿಲ್ಲಿಸದೆ, ಆ ತಗಡಿನ ಗೂಡು ಚೆನ್ನಾಗಿದೆಯೆಂದು ಚನ್ನರಾಯಪಟ್ಟಣದ ನನ್ನ ಬಾಡಿಗೆ ಮನೆಗೆ ಹೊತ್ತು ತಂದು ಕರಿಬೇವಿನ ಸಸಿಯ ಸುತ್ತ ನಿಲ್ಲಿಸಿದೆ. ಬೀದಿಯ ಆಡುಗಳು ಬಂದು ಮೂಸಿ ಮುಖ ತಿರುಗಿಸಿಕೊಂಡು ಹೋಗುವಾಗ ನನಗಾಗುತ್ತಿದ್ದ ಸಂತೋಷ ಹೇಳತೀರದು.

ಮೂರು ವರ್ಷ ಏನೂ ಆಗಲಿಲ್ಲ. ಒಂದು ಮಳೆಗಾಲದ ಬೆಳಿಗ್ಗೆ ಅಕ್ಕ ಒದ್ದೆ ಹುಲ್ಲನ್ನು ಒತ್ತಿ ತಳ್ಳುವಾಗ ರೋಲರು ಹುಲ್ಲಿನ ಜೊತೆಗೆ ಅವಳ ಎಡಗೈಯನ್ನೂ ಎಳೆದುಕೊಂಡಿತು. ಹಾಲು ಕರೆಯುತ್ತಿದ್ದ ರೂಪಾ ಕೂಗು ಕೇಳಿ ಓಡಿಬಂದು ಸ್ವಿಚ್ಚು ಆರಿಸಿದಳು. ಕೈ ಉಳಿಯಿತು. ಕಿರುಬೆರಳಿನ ಎರಡು ಗೆಣ್ಣು ಹೋದವು.

ನಾನು ಆಸ್ಪತ್ರೆಗೆ ಹೋದಾಗ ಅಕ್ಕ ಬ್ಯಾಂಡೇಜಿನ ಕೈಯನ್ನು ಎದೆಯ ಮೇಲಿಟ್ಟುಕೊಂಡು ಹಸುಗಳ ವಿಚಾರ ಕೇಳುತ್ತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಭಾವ "ಗ್ರಾಚಾರ ಕಣ್ರೀ, ಟೈಮ್ ಸರಿ ಇರ್ಲಿಲ್ಲ" ಅಂದರು. ನಾನೂ ತಲೆಯಾಡಿಸಿದೆ. ಆ ಬೋಲ್ಟುಗಳನ್ನು ಗ್ರಹಚಾರ ಬಂದು ಬಿಚ್ಚಿರಲಿಲ್ಲ, ನಾನು ಬಿಚ್ಚಿದ್ದೆ. ಅದನ್ನು ಬಾಯಿಬಿಟ್ಟು ಹೇಳದೆ ಒಂದು ಡಜನ್ ಮೂಸಂಬಿ ಇಟ್ಟು ಎದ್ದುಬಂದೆ. ನಾಚಿಕೆಗೇಡು.

ಮನೆಗೆ ಬಂದ ಅಕ್ಕನಿಗೆ ಬೆರಳಿನ ಚಿಂತೆ ಇರಲಿಲ್ಲ. ಭಾವ ಬೆಳಗಿನ ಜಾವವೇ ಹೊಲಕ್ಕೆ ಹೋಗುವವರು, ಹಾಗಾಗಿ ಅವಳ ಕೈ ವಾಸಿಯಾಗುವವರೆಗೆ ಹುಲ್ಲು ಕತ್ತರಿಸಬೇಕಾದವಳು ರೂಪಾ. ಹದಿನೇಳು ವರ್ಷದ ಹುಡುಗಿ, ಪಿಯುಸಿ ಓದುತ್ತಿದ್ದಳು, ಬೆಳಿಗ್ಗೆ ಕಾಲೇಜಿನ ಬಸ್ಸು ಹಿಡಿಯುವ ಆತುರದಲ್ಲಿ ಗಬಗಬನೆ ಹುಲ್ಲು ತುರುಕುವವಳು. ಅಕ್ಕ ಅವಳನ್ನು ಮಿಷನ್ನಿನ ಹತ್ತಿರಕ್ಕೂ ಬಿಡಲಿಲ್ಲ. ಒಂದೇ ಕೈಯಲ್ಲಿ ಕುಡುಗೋಲು ಹಿಡಿದು ಕಂತೆಯನ್ನು ಕಾಲಲ್ಲಿ ಒತ್ತಿಕೊಂಡು ಐದು ಹಸುವಿಗೂ ತಾನೇ ಕೊಚ್ಚುತ್ತಿದ್ದಳು. ನಾನು ನೋಡಲು ಹೋದ ದಿನ ಭಾವನ ಮುಂದೆಯೇ ಹೇಳಿದಳು: "ನನ್ ಬೆಳ್ಳು ಓಯ್ತು, ಓಗ್ಲಿ. ನನ್ ಮಗಳ ಕೈ ಓಗಬಾರ್ದು. ಅದುಕ್ಕೆ ಗಾರ್ಡ್ ಆಕ್ಸಿ ಅಂದ್ರೆ ಇವ್ರು ಕೇಳಕಿಲ್ಲ ಕಣ್ಲಾ."

"ಊರಿಗೆಲ್ಲ ಇಲ್ದಿದ್ದು ನಮ್ಗ್ಯಾಕೆ? ಅದ ಆಕಂಡ್ರೆ ಒಂದ್ ಕಂತೆಗೆ ಒಂದ್ ಗಂಟೆ ಆಯ್ತದೆ. ಡೈರಿ ಬಾಗ್ಲು ಮುಚ್ಕಂಡು ಓಯ್ತಾರೆ" ಅಂದರು ಭಾವ. ಕೆಟ್ಟ ಮನುಷ್ಯರಲ್ಲ ಅವರು. ಅಕ್ಕನ ಕೈಗೆ ತಾವೇ ಔಷಧಿ ಹಚ್ಚಿ, ತಲೆ ಬಾಚಿ, ಮುದ್ದೆ ಮುರಿದು ಕೊಡುತ್ತಿದ್ದರು. ಆದರೆ ಬೀದಿಯಲ್ಲಿ ನಾಲ್ಕು ಜನ ಹೆದರುಪುಕ್ಕಲ ಅಂದರೆ ಎಂಬ ಭಯ. ಅಕ್ಕ ವಾದ ಮಾಡಲಿಲ್ಲ. ನಮ್ಮಕ್ಕ ವಾದ ನಿಲ್ಲಿಸಿದಳೆಂದರೆ ಎದುರಿನವರು ಹುಷಾರಾಗಿರಬೇಕು ಅನ್ನುವುದು ನನಗೆ ಚಿಕ್ಕಂದಿನಿಂದ ಗೊತ್ತು.

ಆಯುಧ ಪೂಜೆಗೆ ಎರಡು ದಿನವಿದ್ದಾಗ ಅವಳ ಫೋನು ಬಂತು. "ಅಬ್ಬಕ್ಕೆ ಬಾ ಕಣ್ಲಾ. ಬರ್ತಾ ನಿನ್ ಕರಿಬೇವಿನ್ ಗಿಡುಕ್ಕೆ ಉಡ್ಸಿದ್ದೀಯಲ್ಲ, ನಮ್ ಮಿಷನ್ನಿನ ಬಟ್ಟೆ, ಅದ ತಕ್ಕಂಬಾ." ಅಷ್ಟು ಹೇಳಿ ಇಟ್ಟಳು.

ಹಬ್ಬದ ದಿನ ಆ ತಗಡನ್ನು ತೊಳೆದು, ಗೋಣಿಯಲ್ಲಿ ಸುತ್ತಿ, ಬಸ್ಸು ಹತ್ತಿದೆ. ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಶಾಂತಿಗ್ರಾಮದಲ್ಲಿ ಹತ್ತಿ ಪಕ್ಕದಲ್ಲಿ ಕೂತ ಯಜಮಾನರು, "ಏನ್ ಸಾ, ಹಾರ್ಮೋನಿಯಮ್ಮಾ?" ಅಂತ ಕೇಳಿದರು. ಹೌದು ಅಂದುಬಿಟ್ಟೆ. ಹಾಗಾದರೆ ಒಂದು ಹಾಡು ಹೇಳಿ ಅಂತ ಹಾಸನದವರೆಗೂ ಬಿಡಲಿಲ್ಲ.

ಊರು ಸೇರುವಷ್ಟರಲ್ಲಿ ಭಾವ ಮಿಷನ್ನನ್ನು ತೊಳೆದು, ಮೂರೆಳೆ ವಿಭೂತಿ ಬಳಿದು, ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿದ್ದರು. ಬೂದುಗುಂಬಳಕಾಯಿ ಒಡೆಯಲು ತಯಾರಾಗಿತ್ತು. ಅಕ್ಕಪಕ್ಕದವರು ಬಂದು ನಿಂತಿದ್ದರು. ಅವರ ಬೀದಿಯಲ್ಲಿ ಒಂದು ಪದ್ಧತಿ: ಪೂಜೆಗಿಟ್ಟ ಮಿಷನ್ನಿಗೆ ಮನೆಯ ಮುತ್ತೈದೆ ಆರತಿ ಎತ್ತುವವರೆಗೆ ಯಾರೂ ಸ್ವಿಚ್ಚು ಮುಟ್ಟುವಂತಿಲ್ಲ. ಅಕ್ಕ ಒಳಗಿನಿಂದ ಆರತಿ ತಟ್ಟೆ ಹಿಡಿದು ಬಂದಳು, ಮಿಷನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು, ತಟ್ಟೆಯನ್ನು ಜಗಲಿಯ ಮೇಲಿಟ್ಟಳು.

"ಮೈಮ್ಯಾಲೆ ಬಟ್ಟೆ ಇಲ್ದೋನ್ಗೆ ನಾನು ಆರ್ತಿ ಎತ್ತಕಿಲ್ಲ" ಅಂದಳು.

ಭಾವ ನಕ್ಕರು. ಅಕ್ಕ ನಗಲಿಲ್ಲ. ಕೊಟ್ಟಿಗೆಯಲ್ಲಿ ಹಸುಗಳು ಮೇವಿಗೆ ಕೂಗಲು ಶುರು ಮಾಡಿದವು. "ಏನ್ ಉಡುಗಾಟ ಇದು, ಜನ ನಿಂತವ್ರೆ" ಅಂತ ಭಾವ ಗದರಿದರು. ಆಗ ಎದುರು ಮನೆಯ ನಂಜಮ್ಮಜ್ಜಿ, ಊರಿನ ಬಾಣಂತನವನ್ನೆಲ್ಲ ಮಾಡಿದವರು, ಭಾವನನ್ನೂ ಕೈಯಲ್ಲಿ ಎತ್ತಿಕೊಂಡವರು, ಕೋಲೂರಿಕೊಂಡು ಮುಂದೆ ಬಂದರು. "ಅವ್ಳು ಏಳದ್ರಲ್ಲಿ ಏನ್ಲಾ ತಪ್ಪು? ದ್ಯಾವ್ರು ಅಂತ ಇಬೂತಿ ಬಳ್ದಿದ್ದೀಯ. ದ್ಯಾವ್ರುನ್ನ ಬೆತ್ಲೆ ನಿಲ್ಸಿ ಪೂಜೆ ಮಾಡೀಯಾ? ಎಂಗಸ್ರು ಎಂಗ್ಲಾ ಎದುರು ನಿಂತ್ಕಳದು?"

ನಿಂತಿದ್ದ ಹೆಂಗಸರೆಲ್ಲ ಹೌದು ಹೌದು ಅಂದರು. ಅಪಘಾತ, ಆಸ್ಪತ್ರೆ, ಭೌತಶಾಸ್ತ್ರ ಯಾವುದಕ್ಕೂ ಜಗ್ಗದ ಭಾವ ಶಾಸ್ತ್ರದ ಮುಂದೆ ಬಗ್ಗಿದರು. "ಈಗ ಅದ ಎಲ್ಲಿಂದ ತರಾನ?" ಅಂತ ಗೊಣಗಿದರು. ನಾನು ಗೋಣಿ ಬಿಚ್ಚಿದೆ.

ಬೋಲ್ಟುಗಳಿರಲಿಲ್ಲ. ನಾಲ್ಕನ್ನೂ ಭಾವ ಕೊಟ್ಟಿಗೆಯ ಬಾಗಿಲಿಗೆ ಹಾಕಿದ್ದರು. ಬಾಗಿಲು ಕಳಚಿ ಗೋಡೆಗೆ ಒರಗಿಸಿ, ಬೋಲ್ಟು ತಂದು ಕೊಟ್ಟರು. ಬಿಚ್ಚಿದ ಕೈಯಿಂದಲೇ ಹಾಕಿದೆ. ಹಾಕುವಾಗ ಅಕ್ಕನಿಗೆ ಮೆಲ್ಲಗೆ, "ತಪ್ಪಾಯ್ತು ಕಣಕ್ಕ, ಅವತ್ತು ನಾನೇ ಬಿಚ್ಚಿದ್ದು" ಅಂದೆ. "ನಂಗೊತ್ತಿಲ್ವೇನ್ಲಾ? ಬಿಗಿಯಾಗಿ ತಿರುಗ್ಸು" ಅಂದಳು.

ಆರತಿ ಆಯಿತು, ಕುಂಬಳಕಾಯಿ ಒಡೆಯಿತು, ಭಾವ ಸ್ವಿಚ್ಚು ಹಾಕಿ ಕಂತೆ ತಳ್ಳಿದರು. ಅರ್ಧಕ್ಕೆ ನಿಂತಿತು. "ನೋಡು, ನಾ ಏಳ್ನಿಲ್ವಾ? ಕೈ ಒಳಕ್ಕೋಗಕಿಲ್ಲ."

"ಅದುಕ್ಕೇ ಕಣ್ರೀ ಅದಿರದು" ಅಂದಳು ಅಕ್ಕ. ಸೂರಿನಲ್ಲಿ ಸಿಕ್ಕಿಸಿದ್ದ ಸೀಬೆ ಮರದ ಕವೆಕೋಲೊಂದನ್ನು ತೆಗೆದಳು. ತುದಿಯ ಕವೆಯನ್ನು ಕಂತೆಗೆ ಕೊಟ್ಟು ಒಂದು ನೂಕು ನೂಕಿದಳು. ಹುಲ್ಲನ್ನೂ ಹಿಂದಿನ ದಿನವೇ ಕುಯ್ದು ನೆರಳಿನಲ್ಲಿ ಹರಡಿ ಬಾಡಿಸಿದ್ದಳಂತೆ, ಹಸಿ ಹುಲ್ಲಿನ ಹಾಗೆ ಅದು ಮುದ್ದೆಗಟ್ಟಲಿಲ್ಲ. ಸರಸರನೆ ಒಳಗೆ ಹೋಯಿತು. ಎರಡನೇ ಕಂತೆ, ಮೂರನೇ ಕಂತೆ. ಆಮೇಲೆ ಕೋಲನ್ನು ರೂಪಾಳ ಕೈಗೆ ಕೊಟ್ಟು, ತಾನು ಸೊಂಟಕ್ಕೆ ಕೈಯಿಟ್ಟು ನಿಂತಳು. ಭಾವ ಕೆಳಗೆ ಬಿದ್ದ ಚೂರನ್ನು ಒಂದು ಹಿಡಿ ಎತ್ತಿ ನೋಡಿ, "ಡೈರಿಗೆ ಒತ್ತಾಗಕಿಲ್ಲ ಬುಡು" ಅಂದರು. ಸೋಲೊಪ್ಪಲು ಅವರ ಬಾಯಲ್ಲಿದ್ದ ಮಾತು ಅದೊಂದೇ. ನನಗಂತೂ ಸಿಳ್ಳೆ ಹಾಕುವಷ್ಟು ಖುಷಿಯಾಗಿತ್ತು.

ಊಟಕ್ಕೆ ಮುಂಚೆಯೇ ಬೀದಿಯಲ್ಲಿ ಗಲಾಟೆ. ನಂಜಮ್ಮಜ್ಜಿಯ ಸೊಸೆ ತಮ್ಮ ಮಿಷನ್ನಿಗೂ ಆರತಿ ಎತ್ತುವುದಿಲ್ಲ ಅಂದಳಂತೆ, ಅವಳನ್ನು ನೋಡಿ ಪಕ್ಕದವಳು. ಗಂಡಸರು ಹಬ್ಬದ ಪಂಚೆ ಮೇಲೆ ಕಟ್ಟಿಕೊಂಡು ಹಿತ್ತಲು, ಅಟ್ಟ, ತಿಪ್ಪೆ ಎಲ್ಲ ತಡಕಿದರು. ಒಂದು ಗಾರ್ಡು ಬಚ್ಚಲಿನ ಒಲೆಗೆ ಮರೆಯಾಗಿತ್ತು, ಇನ್ನೊಂದರೊಳಗೆ ಹೇಂಟೆ ಕೋಳಿ ಕಾವಿಗೆ ಕೂತಿತ್ತು. ಆ ಹೇಂಟೆಗೆ ಬೇರೆ ಮನೆ ಮಾಡಿಕೊಟ್ಟ ಮೇಲೇ ಆ ಮನೆಯ ಪೂಜೆ ಆದದ್ದು. ಸಂಜೆಯ ಹೊತ್ತಿಗೆ ಆ ಬೀದಿಯ ಒಂದು ಮಿಷನ್ನೂ ಬರಿಮೈಯಲ್ಲಿ ಇರಲಿಲ್ಲ.

ಇದಾಗಿ ಏಳು ವರ್ಷ. ರೂಪಾ ಡಿಗ್ರಿ ಮುಗಿಸಿದಳು. ಅವಳನ್ನು ಅರಕಲಗೂಡಿನ ಕಡೆಗೆ ಕೊಟ್ಟಿದೆ, ಅಲ್ಲೂ ಹಸುಗಳ ಮನೆಯೇ. ಮೊನ್ನೆ ಭಾನುವಾರ ಅವರು ಹೊಸ ಮಿಷನ್ನು ತಂದು ನಮ್ಮನ್ನೂ ಪೂಜೆಗೆ ಕರೆದಿದ್ದರು. ಅಕ್ಕ, ಭಾವ, ನಾನು ಹೋಗಿದ್ದೆವು. ಜೋಡಿಸಲು ಬಂದಿದ್ದ ಮೆಕ್ಯಾನಿಕ್ಕು ಎಲ್ಲ ಮುಗಿಸಿ, ಸ್ಪ್ಯಾನರ್ ಹಿಡಿದು, "ಗಾರ್ಡ್ ಬಿಚ್ಬುಡ್ಲಾ ಯಜಮಾನ್ರೇ?" ಅಂದ. ನಾನು ಕೂತಲ್ಲಿಂದ ಎದ್ದೆ. ರೂಪಾ ಬಾಯಿ ತೆರೆಯುವ ಮೊದಲೇ ಅವಳ ಅತ್ತೆ ಒಳಗಿನಿಂದ ಆರತಿ ತಟ್ಟೆ ಹಿಡಿದು ಬಂದರು.

"ಅದ ಮುಟ್ಬ್ಯಾಡ ಕಣಪ್ಪ. ಬೆತ್ಲೆ ಮಿಷನ್ನಿಗೆ ಆರ್ತಿ ಎತ್ತಬಾರ್ದು ಅಂತ ಶಾಸ್ತ್ರ ಐತೆ. ಅಜ್ಜಿ ಮುತ್ತಜ್ಜಿ ಕಾಲ್ದಿಂದ್ಲೂ ನಡ್ಕಂಡು ಬಂದದೆ" ಅಂದರು. ಆಮೇಲೆ ಬೀಗಿತ್ತಿಯನ್ನು ಕೇಳದಿದ್ದರೆ ಮರ್ಯಾದೆಯಲ್ಲವೆಂದು ನಮ್ಮಕ್ಕನ ಕಡೆ ತಿರುಗಿ, "ನಿಮ್ ಕಡೆ ಈ ಶಾಸ್ತ್ರ ಇಲ್ವೇನ್ರವ್ವ?" ಅಂದರು.

ಭಾವ ನನ್ನ ಮುಖ ನೋಡಿದರು, ನಾನು ಅಕ್ಕನ ಮುಖ ನೋಡಿದೆ. ಅಕ್ಕ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡು, ಏನೂ ಅರಿಯದವಳ ಹಾಗೆ ನಿಂತಳು.

"ನಂಗೊತ್ತಿಲ್ಲ ಕಣ್ರವ್ವ. ಆದ್ರೆ ಒಳ್ಳೆ ಶಾಸ್ತ್ರ, ಬುಡಬ್ಯಾಡಿ" ಅಂದಳು.